ಕಾರ್ಖಾನೆಯ ಐಟಿ ಕೆಲಸವನ್ನು ಹೊರಗುತ್ತಿಗೆಗೆ ಕೊಡುವುದು ಹೇಗೆ: ಪಟ್ಟಿಯಿಂದ ಹಸ್ತಾಂತರದವರೆಗೆ

"ವೆಂಡರ್ ಬದಲಿಸಬೇಕು ಅಂತಿದ್ದೇವೆ. ಆದರೆ ಸರ್ವರ್ ಪಾಸ್‌ವರ್ಡ್ ಅವರ ಹತ್ತಿರವೇ ಇದೆ, ಡೊಮೇನ್ ಕೂಡ ಅವರ ಹೆಸರಲ್ಲೇ ಇದೆ. ಈಗೇನು ಮಾಡೋದು?" ತುಮಕೂರಿನ ವಸಂತನರಸಾಪುರ, ಹಿರೇಹಳ್ಳಿ, ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರು, ಚಿಕ್ಕಬಳ್ಳಾಪುರದ ಗೌರಿಬಿದನೂರು, ಹೀಗೆ ಯಾವ ಕೈಗಾರಿಕಾ ಪ್ರದೇಶದಿಂದ ಬಂದರೂ ಪ್ರಶ್ನೆ ಇದೇ. ಇದಕ್ಕೆ ಕಾರಣ ವೆಂಡರ್ ಕೆಟ್ಟವನಾಗಿದ್ದುದಲ್ಲ. ಹೆಚ್ಚಿನ ಕಡೆ ಕೆಲಸ ಶುರುವಾಗುವುದೇ ಕೊಟೇಷನ್ ತರಿಸುವುದರಿಂದ. ಏನಿದೆ, ಏನು ಬೇಕು ಎಂದು ಮಾಲೀಕರಿಗೇ ಗೊತ್ತಿಲ್ಲದಾಗ ವೆಂಡರ್ ಬರೆದದ್ದೇ ಅಳತೆಯಾಗುತ್ತದೆ. ಈ ಮಾರ್ಗದರ್ಶಿಯಲ್ಲಿ ಕೊಟೇಷನ್ ಬರುವುದು ಐದನೆಯ ಹಂತದಲ್ಲಿ. ದಯವಿಟ್ಟು ಆ ಕ್ರಮವನ್ನು ತಪ್ಪಿಸಬೇಡಿ.

ಇಲ್ಲಿನ ಲೆಕ್ಕವೆಲ್ಲ ಸುಮಾರು 40 ಕಂಪ್ಯೂಟರ್, ಒಂದು ಸರ್ವರ್, ಟ್ಯಾಲಿ ಅಥವಾ ಚಿಕ್ಕದೊಂದು ಇಆರ್‌ಪಿ (ಖರೀದಿ, ಸ್ಟಾಕ್, ಮಾರಾಟವನ್ನು ಒಂದೆಡೆ ನೋಡುವ ಸಾಫ್ಟ್‌ವೇರ್) ಇರುವ ಕಾರ್ಖಾನೆಗೆ. 15 ಕಂಪ್ಯೂಟರ್ ಇರುವವರಿಗೂ ಹಂತಗಳು ಇವೇ, ಕಾಗದ ಮಾತ್ರ ಕಡಿಮೆ.

ಮೊದಲು ಕೈಯಲ್ಲಿರಬೇಕಾದವು

ಒಂದು ಎಕ್ಸೆಲ್ ಶೀಟ್, ಹಾಳೆ ಕಿತ್ತರೆ ಗೊತ್ತಾಗುವಂತೆ ಪುಟಸಂಖ್ಯೆ ಇರುವ ಒಂದು ರಿಜಿಸ್ಟರ್, 2 ಟಿಬಿಯ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಸೀಲ್ ಹಾಕಬಹುದಾದ ಲಕೋಟೆಗಳು, ಕಂಪನಿಯ ಹೆಸರಿನಲ್ಲೇ ಪಡೆದ ಒಂದು ಮೊಬೈಲ್ ಸಂಖ್ಯೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಕಂಪನಿಯೊಳಗೆ ಒಬ್ಬ ಹೊಣೆಗಾರ ಬೇಕು. ಅವರು ಎಂಜಿನಿಯರೇ ಆಗಬೇಕಿಲ್ಲ. ಅಕೌಂಟ್ಸ್ ಅಥವಾ ಸ್ಟೋರ್ಸ್‌ನಲ್ಲಿ ಲೆಕ್ಕ ಸರಿಯಾಗಿ ಇಡುವವರು ಸಾಕು. ಹೊರಗುತ್ತಿಗೆಗೆ ಕೊಡಬಹುದಾದದ್ದು ಕೆಲಸ ಮಾತ್ರ, ಕೆಲಸ ಆಗಿದೆಯೇ ಎಂದು ನೋಡುವ ಹೊಣೆಯನ್ನು ಕೊಡಲಾಗದು.

ಹಂತ 1: ಇರುವುದನ್ನೆಲ್ಲ ಪಟ್ಟಿ ಮಾಡಿ

ಇಬ್ಬರು ಎರಡು ದಿನ ಕೂತರೆ ಮುಗಿಯುವ ಕೆಲಸ. ಪ್ರತಿ ಯಂತ್ರಕ್ಕೂ ಒಂದು ಸಾಲು: ಎಲ್ಲಿದೆ, ಯಾರು ಬಳಸುತ್ತಾರೆ, ಸೀರಿಯಲ್ ನಂಬರ್, ಕೊಂಡ ದಿನ, ವಾರಂಟಿ ಮುಗಿಯುವ ದಿನ, ವಿಂಡೋಸ್ ಆವೃತ್ತಿ, ಲೈಸೆನ್ಸ್ ಬಿಲ್ ಇದೆಯೇ ಇಲ್ಲವೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಯಂತ್ರಗಳಿಗೆ ಬೇರೆ ಬಣ್ಣ ಹಾಕಿ. ಇವುಗಳಲ್ಲಿ ಎಷ್ಟು ವಿಂಡೋಸ್ 11ಕ್ಕೆ ಏರುತ್ತವೆ, ಎಷ್ಟನ್ನು ಬದಲಿಸಲೇಬೇಕು ಎಂಬುದೇ ಮುಂದಿನ ವರ್ಷದ ದೊಡ್ಡ ಖರ್ಚು.

ಪಟ್ಟಿಯಿಂದ ಬಿಟ್ಟುಹೋಗುವ ಯಂತ್ರಗಳು ಯಾವಾಗಲೂ ಇವೇ: ವೇಬ್ರಿಡ್ಜ್‌ನ ಕಂಪ್ಯೂಟರ್, ಗೇಟ್‌ನ ಬಯೋಮೆಟ್ರಿಕ್ ಯಂತ್ರ, ಸಿಸಿಟಿವಿಯ ಎನ್‌ವಿಆರ್ (ದೃಶ್ಯ ದಾಖಲಿಸುವ ಪೆಟ್ಟಿಗೆ), ಬಾರ್‌ಕೋಡ್ ಪ್ರಿಂಟರ್, ಸಿಎನ್‌ಸಿ ಯಂತ್ರಕ್ಕೆ ಅಂಟಿಕೊಂಡ ಹಳೆಯ ಪಿಸಿ. ಕೊನೆಯದರಲ್ಲಿ ಎಷ್ಟೋ ಕಡೆ ಇನ್ನೂ ವಿಂಡೋಸ್ 7 ಇರುತ್ತದೆ. ಯಂತ್ರ ತಯಾರಕರ ಸಾಫ್ಟ್‌ವೇರ್ ಅದರ ಮೇಲೇ ಓಡುವುದರಿಂದ ಬದಲಿಸಲು ಬರುವುದಿಲ್ಲ. ಪರವಾಗಿಲ್ಲ, ಆದರೆ ಅದನ್ನು ಆಫೀಸ್ ನೆಟ್‌ವರ್ಕ್‌ನಿಂದ ಬೇರ್ಪಡಿಸಬೇಕು ಎಂದು ಈಗಲೇ ಬರೆದಿಡಿ.

ಇನ್ನು ಖರ್ಚು. ಕಳೆದ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಕಂಪನಿ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಐಟಿಗೆ ಸಂಬಂಧಿಸಿದ ಪ್ರತಿ ಪಾವತಿಗೂ ಗುರುತು ಹಾಕಿ: ಇಂಟರ್ನೆಟ್, ಇಮೇಲ್, ಟ್ಯಾಲಿಯ ಟಿಎಸ್‌ಎಸ್ (ನವೀಕರಣ ಚಂದಾ), ಆ್ಯಂಟಿವೈರಸ್, ಫೈರ್‌ವಾಲ್ (ಹೊರಗಿನ ದಾಳಿ ತಡೆಯುವ ಸಾಧನ) ಲೈಸೆನ್ಸ್, ಟೋನರ್, ಯುಪಿಎಸ್ ಬ್ಯಾಟರಿ. ಬಿಟ್ಟುಹೋದ ನೌಕರರ ಹೆಸರಿನಲ್ಲಿ ಇನ್ನೂ ಹಣ ಹೋಗುತ್ತಿರುವ ಇಮೇಲ್ ಖಾತೆಗಳು ಸಿಗುವುದು ಇಲ್ಲೇ.

ಹಂತ 2: ಕೀಲಿಗಳನ್ನು ಕಂಪನಿಯ ಹೆಸರಿಗೆ ತನ್ನಿ

ಜನ ಸೋಲುವುದು ಇಲ್ಲಿ. ಆದ್ದರಿಂದ ನಿಧಾನವಾಗಿ ನೋಡೋಣ. ಹಳೆಯ ವೆಂಡರ್‌ಗೆ ಬದಲಾವಣೆಯ ಸುಳಿವು ಸಿಗುವ ಮೊದಲೇ, ಮನಸ್ತಾಪ ಇಲ್ಲದ ದಿನದಲ್ಲೇ, ಇದನ್ನು ಮುಗಿಸಿ. "ಆಡಿಟ್‌ಗೆ ಬೇಕು" ಎಂದು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ, ಆ ಮಾತು ಸುಳ್ಳೂ ಅಲ್ಲ.

*ಡೊಮೇನ್.* ಕಂಪನಿಯ ವೆಬ್‌ಸೈಟ್ ಮತ್ತು ಇಮೇಲ್ ಎರಡೂ ನಿಂತಿರುವುದು ಇದರ ಮೇಲೆ. ಡೊಮೇನ್ ಖರೀದಿಸಿದ ಖಾತೆಗೆ ಯಾರ ಇಮೇಲ್, ಯಾರ ಮೊಬೈಲ್ ಜೋಡಿಸಿದ್ದಾರೆ ನೋಡಿ. ಅದು ವೆಂಡರ್‌ನದಾಗಿದ್ದರೆ ನಿಮ್ಮ ಖಾತೆಗೆ ವರ್ಗಾಯಿಸಿಕೊಳ್ಳಿ. ನೆನಪಿಡಿ, ಆ ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನ್‌ನ ವಿಳಾಸವಾಗಬಾರದು. ಡೊಮೇನ್ ಅವಧಿ ಮುಗಿದ ದಿನ ಇಮೇಲ್ ನಿಲ್ಲುತ್ತದೆ, ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದೂ ಅದೇ ನಿಂತ ಇಮೇಲ್‌ಗೆ.

*ಇಮೇಲ್ ಅಡ್ಮಿನ್.* ಗೂಗಲ್ ವರ್ಕ್‌ಸ್ಪೇಸ್ ಆದರೆ ಸೂಪರ್ ಅಡ್ಮಿನ್, ಮೈಕ್ರೋಸಾಫ್ಟ್ 365 ಆದರೆ ಗ್ಲೋಬಲ್ ಅಡ್ಮಿನ್. ಇಂಥ ಎರಡು ಖಾತೆಗಳು ನಿಮ್ಮ ಕೈಯಲ್ಲಿರಲಿ. ಅವುಗಳಿಂದ ದಿನನಿತ್ಯದ ಮೇಲ್ ನೋಡಬೇಡಿ. ವೆಂಡರ್‌ಗೆ ಬೇರೆಯದೇ ಖಾತೆ ಕೊಡಿ, ಅವರ ಎಂಜಿನಿಯರ್‌ಗಳು ಒಂದೇ ಪಾಸ್‌ವರ್ಡ್ ಹಂಚಿಕೊಳ್ಳಲು ಬಿಡಬೇಡಿ. ಎಲ್ಲಕ್ಕೂ ಎರಡು ಹಂತದ ದೃಢೀಕರಣ ಕಡ್ಡಾಯ.

*ಟ್ಯಾಲಿ.* ಟ್ಯಾಲಿ ಸೀರಿಯಲ್ ನಂಬರ್‌ಗೆ ಒಂದು ಇಮೇಲ್ ಐಡಿ ಅಡ್ಮಿನಿಸ್ಟ್ರೇಟರ್ ಆಗಿ ಜೋಡಣೆಯಾಗಿರುತ್ತದೆ. ಮಾರಿದ ಪಾರ್ಟ್‌ನರ್ ತನ್ನದೇ ಐಡಿ ಹಾಕಿಬಿಟ್ಟಿದ್ದರೆ ಸರ್ವರ್ ಕೆಟ್ಟ ದಿನ ಲೈಸೆನ್ಸ್ ಮರುಸಕ್ರಿಯಗೊಳಿಸಲು ಅವರ ಬಾಗಿಲಿಗೇ ಹೋಗಬೇಕಾಗುತ್ತದೆ.

*ಸರ್ವರ್, ಫೈರ್‌ವಾಲ್, ಸ್ವಿಚ್, ವೈಫೈ, ಎನ್‌ವಿಆರ್.* ಪ್ರತಿಯೊಂದರ ಅಡ್ಮಿನ್ ಪಾಸ್‌ವರ್ಡ್ ಬರೆದು ಲಕೋಟೆಗೆ ಹಾಕಿ, ಅಂಟಿಸಿದ ಜಾಗದ ಮೇಲೆ ಸಹಿ ಮಾಡಿ ಲಾಕರ್‌ನಲ್ಲಿಡಿ. ಬರೆದದ್ದು ನಿಜವಾಗಿ ತೆರೆಯುತ್ತದೆಯೇ ಎಂದು ಒಮ್ಮೆ ಹಾಕಿ ನೋಡಿದ ಮೇಲೆಯೇ ಅಂಟಿಸಿ.

ಜಿಎಸ್‌ಟಿ ಪೋರ್ಟಲ್‌ನ ಪಾಸ್‌ವರ್ಡ್, ನಿರ್ದೇಶಕರ ಡಿಜಿಟಲ್ ಸಹಿ ಇರುವ ಯುಎಸ್‌ಬಿ ಟೋಕನ್, ಬ್ಯಾಂಕ್ ಒಟಿಪಿ ಬರುವ ಸಿಮ್, ಈ ಮೂರೂ ಯಾವ ಕಾರಣಕ್ಕೂ ಐಟಿ ವೆಂಡರ್ ಕೈಗೆ ಹೋಗಬಾರದು. ಡ್ರೈವರ್ ಹಾಕಲು ಟೋಕನ್ ಬೇಕಾದರೆ ನಿಮ್ಮವರು ಪಕ್ಕದಲ್ಲಿ ಕೂತು ಹಾಕಿಸಲಿ.

ಹಂತ 3: ಯಾವುದನ್ನು ಕೊಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು

ಕಂಪ್ಯೂಟರ್ ದುರಸ್ತಿ, ನೆಟ್‌ವರ್ಕ್, ಪ್ಯಾಚ್ (ಸಾಫ್ಟ್‌ವೇರ್ ದೋಷ ಸರಿಪಡಿಸುವ ಅಪ್‌ಡೇಟ್) ಹಾಕುವುದು, ಆ್ಯಂಟಿವೈರಸ್, ಇಮೇಲ್ ಖಾತೆ ನಿರ್ವಹಣೆ, ಬ್ಯಾಕಪ್ ಓಡಿಸುವುದು, ಇವನ್ನು ಧೈರ್ಯವಾಗಿ ಕೊಡಿ. ಯಾರಿಗೆ ಯಾವ ಫೋಲ್ಡರ್ ಕಾಣಬೇಕು ಎಂಬ ತೀರ್ಮಾನ, ಪಾಸ್‌ವರ್ಡ್ ಲಕೋಟೆಗಳು, ಬ್ಯಾಕಪ್ ವಾಪಸ್ ಬರುತ್ತದೆಯೇ ಎಂಬ ಪರೀಕ್ಷೆ, ಖರೀದಿಯ ಒಪ್ಪಿಗೆ ನಿಮ್ಮಲ್ಲೇ ಇರಲಿ.

ಸೇವೆ ಕೊಡುವವರೇ ಹಾರ್ಡ್‌ವೇರ್ ಮಾರುವವರೂ ಆಗಿದ್ದರೆ "ಇದು ಹೋಯ್ತು, ಹೊಸದು ತಗೊಳ್ಳಿ" ಎಂಬ ಮಾತನ್ನು ಎರಡನೆಯವರಿಂದಲೂ ಕೇಳಿ. ಒಂದು ನಿರ್ದಿಷ್ಟ ಮೊತ್ತ, ಹೇಳಿ 25,000 ರೂಪಾಯಿ ಮೀರಿದ ಖರೀದಿಗೆ ಬೇರೆಯವರ ಕೊಟೇಷನ್ ಕಡ್ಡಾಯ ಮಾಡಿ.

ಹಂತ 4: ಕೆಲಸದ ವ್ಯಾಪ್ತಿಯನ್ನು ನೀವೇ ಬರೆಯಿರಿ

ನಾಲ್ಕು ಪುಟ ಸಾಕು, ಕನ್ನಡದಲ್ಲೇ ಬರೆದರೂ ನಡೆಯುತ್ತದೆ. ಮೊದಲ ಪುಟಕ್ಕೆ ಹಂತ 1ರ ಪಟ್ಟಿಯ ಸಾರಾಂಶ. ಎರಡನೆಯದಕ್ಕೆ ಕೆಲಸಗಳು. ಮೂರನೆಯದಕ್ಕೆ ಸಮಯದ ಗಡುವು. ನಾಲ್ಕನೆಯದಕ್ಕೆ ವ್ಯಾಪ್ತಿಯಲ್ಲಿ ಇಲ್ಲದ್ದು.

ಗಡುವು ಬರೆಯುವಾಗ ತೊಂದರೆಗಳನ್ನು ಮೂರು ದರ್ಜೆ ಮಾಡಿ. ಇಡೀ ಕಾರ್ಖಾನೆ ನಿಂತರೆ (ಸರ್ವರ್ ಸತ್ತಿದೆ, ಇ-ಇನ್‌ವಾಯ್ಸ್ ಆಗುತ್ತಿಲ್ಲ, ಲೋಡ್ ಆದ ಲಾರಿ ಗೇಟ್‌ನಲ್ಲಿ ನಿಂತಿದೆ) 30 ನಿಮಿಷದಲ್ಲಿ ಉತ್ತರ, 4 ಗಂಟೆಯಲ್ಲಿ ಪರಿಹಾರ ಅಥವಾ ತಾತ್ಕಾಲಿಕ ವ್ಯವಸ್ಥೆ. ಒಂದು ವಿಭಾಗ ನಿಂತರೆ 2 ಗಂಟೆಯಲ್ಲಿ ಉತ್ತರ, ಅದೇ ದಿನ ಪರಿಹಾರ. ಒಬ್ಬರ ತೊಂದರೆಯಾದರೆ ಮಾರನೇ ಕೆಲಸದ ದಿನ. "ಉತ್ತರ" ಮತ್ತು "ಪರಿಹಾರ" ಎರಡಕ್ಕೂ ಬೇರೆ ಬೇರೆ ಗಡುವು ಇರಲೇಬೇಕು. ಬರೀ ಉತ್ತರದ ಗಡುವು ಇದ್ದರೆ "ಟಿಕೆಟ್ ರೈಸ್ ಮಾಡಿದ್ದೇವೆ ಸರ್" ಎಂಬ ಮೆಸೇಜ್‌ಗೇ ಒಪ್ಪಂದ ಪಾಲಿಸಿದಂತಾಗುತ್ತದೆ.

ನಮ್ಮ ಮೂರು ಜಿಲ್ಲೆಗಳಿಗೆ ಇನ್ನೊಂದು ಮಾತು ಸೇರಿಸಬೇಕು. ಬಹುಪಾಲು ವೆಂಡರ್‌ಗಳ ಎಂಜಿನಿಯರ್‌ಗಳು ಕೂರುವುದು ಬೆಂಗಳೂರಿನಲ್ಲಿ. ತುಮಕೂರು ಅಲ್ಲಿಂದ ಸುಮಾರು 70 ಕಿಲೋಮೀಟರ್, ನೆಲಮಂಗಲದ ದಟ್ಟಣೆ ದಾಟಿ ಬರಬೇಕು. ವಸಂತನರಸಾಪುರ ಅದಕ್ಕೂ ಆಚೆ. "ಅದೇ ದಿನ ವಿಸಿಟ್" ಎಂದು ಬರೆದಿದ್ದರೂ ಮಧ್ಯಾಹ್ನ 3ಕ್ಕೆ ಕೆಟ್ಟ ಯಂತ್ರಕ್ಕೆ ಆ ದಿನ ಯಾರೂ ಬರುವುದಿಲ್ಲ. ಹಾಗಾಗಿ ಎರಡು ದಾರಿ: ಜಿಲ್ಲಾ ಕೇಂದ್ರದಲ್ಲೇ ವಾಸವಿರುವ ಎಂಜಿನಿಯರ್ ಬೇಕೆಂದು ಕೇಳಿ, ಅಥವಾ ಬಿಡಿ ಸಾಮಾನು ನಿಮ್ಮಲ್ಲೇ ಇಡಿಸಿ. ಎರಡು ಸಿದ್ಧ ಕಂಪ್ಯೂಟರ್, ಒಂದು 24 ಪೋರ್ಟ್ ಸ್ವಿಚ್, ಎರಡು ಎಸ್‌ಎಸ್‌ಡಿ, ಎರಡು ಪವರ್ ಸಪ್ಲೈ ಇದ್ದರೆ ಅರ್ಧಕ್ಕರ್ಧ ತೊಂದರೆ ಫೋನ್‌ನಲ್ಲೇ ಬಗೆಹರಿಯುತ್ತದೆ.

ಇಂಟರ್ನೆಟ್‌ಗೆ "99.5% ಲಭ್ಯತೆ" ಎಂದು ಬರೆದಿರುತ್ತಾರೆ. 30 ದಿನದ ತಿಂಗಳಲ್ಲಿ ಇರುವುದು 720 ಗಂಟೆ. 99.5% ಎಂದರೆ 3.6 ಗಂಟೆ ನಿಲ್ಲಬಹುದು, 99% ಎಂದರೆ 7.2 ಗಂಟೆ, 99.9% ಎಂದರೆ ಸುಮಾರು 43 ನಿಮಿಷ. ಆ 3.6 ಗಂಟೆಯೂ ತಿಂಗಳ ಕೊನೆಯ ದಿನ ಡಿಸ್ಪ್ಯಾಚ್ ವೇಳೆಯಲ್ಲೇ ಬಂದರೆ? ಕಾಗದದ ಶೇಕಡಾವಾರು ನಂಬಿ ಕೂರುವ ಬದಲು ಎರಡು ಲೈನ್ ಇಡಿ. ಎರಡೂ ಬೇರೆ ಕಂಪನಿಯವಾದರೆ ಸಾಲದು, ದಾರಿಯೂ ಬೇರೆಯಾಗಬೇಕು. ಎರಡೂ ಫೈಬರ್ ಒಂದೇ ಕಂಬದ ಮೇಲೆ ಬಂದಿದ್ದರೆ ರಸ್ತೆ ಕೆಲಸದ ಜೆಸಿಬಿ ಅಥವಾ ಬಿದ್ದ ಮರ ಎರಡನ್ನೂ ಒಟ್ಟಿಗೆ ಕಡಿಯುತ್ತದೆ. ಒಂದು ಫೈಬರ್, ಇನ್ನೊಂದು 4ಜಿ ಅಥವಾ 5ಜಿ ರೂಟರ್ ಇಡುವುದು ಸುಲಭದ ದಾರಿ. ಇ-ವೇ ಬಿಲ್‌ಗೆ ಅಷ್ಟು ಸಾಕು.

ವಿದ್ಯುತ್ತನ್ನು ಮರೆಯಬೇಡಿ. ಸರ್ವರ್ ರೂಮಿನ ಸಾಕೆಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಮಲ್ಟಿಮೀಟರ್ ಇಟ್ಟು ನೋಡಿಸಿ: 3 ವೋಲ್ಟ್‌ಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಅರ್ತಿಂಗ್ ಅಥವಾ ವೈರಿಂಗ್ ಸರಿಪಡಿಸಿದ ಮೇಲೆಯೇ ಒಪ್ಪಂದ. ಇಲ್ಲವಾದರೆ ಪದೇ ಪದೇ ಸುಡುವ ಬೋರ್ಡ್‌ಗಳಿಗೆ ವೆಂಡರ್ "ನಿಮ್ಮ ಪವರ್ ಸರಿಯಿಲ್ಲ" ಎನ್ನುತ್ತಾರೆ, ಆ ಮಾತು ನಿಜವೂ ಆಗಿರುತ್ತದೆ. ಹಾಗೆಯೇ ತಾಮ್ರದ ನೆಟ್‌ವರ್ಕ್ ಕೇಬಲ್ 100 ಮೀಟರ್‌ಗಿಂತ ಉದ್ದ ಎಳೆಯುವಂತಿಲ್ಲ. ಗೇಟ್ ಅಥವಾ ವೇಬ್ರಿಡ್ಜ್ ಅದಕ್ಕಿಂತ ದೂರ ಇದ್ದರೆ ಫೈಬರ್ ಎಂದೇ ವ್ಯಾಪ್ತಿಯಲ್ಲಿ ಬರೆಯಿರಿ.

ಹಂತ 5: ಕೊಟೇಷನ್ ತರಿಸಿ, 36 ತಿಂಗಳಿಗೆ ಹೋಲಿಸಿ

ಒಂದೇ ವ್ಯಾಪ್ತಿಪತ್ರವನ್ನು ಮೂವರಿಗೆ ಕೊಡಿ. ಒಬ್ಬರಾದರೂ ಜಿಲ್ಲೆಯೊಳಗಿನವರಾಗಿರಲಿ. ಯಂತ್ರಗಳನ್ನು ನೋಡದೆ ಫೋನ್‌ನಲ್ಲೇ ದರ ಹೇಳಿದವರನ್ನು ಅಲ್ಲಿಗೇ ಬಿಡಿ.

ತಿಂಗಳ ದರ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಉದಾಹರಣೆಗೆ, ಮೊದಲನೆಯವರು ಕಂಪ್ಯೂಟರ್‌ಗೆ ತಿಂಗಳಿಗೆ 400 ರೂಪಾಯಿ ಕೇಳಿ, ವಿಸಿಟ್ ಎಲ್ಲ ಸೇರಿ ಎನ್ನುತ್ತಾರೆ: 40 ಯಂತ್ರಕ್ಕೆ 16,000. ಎರಡನೆಯವರು 300 ಕೇಳುತ್ತಾರೆ: 12,000. ಆದರೆ ತಿಂಗಳಿಗೆ ಎರಡು ವಿಸಿಟ್ ಮಾತ್ರ ಉಚಿತ, ಮುಂದಿನ ಪ್ರತಿ ವಿಸಿಟ್‌ಗೆ 1,500. ನಿಮ್ಮ ಹಳೆಯ ಲೆಕ್ಕದಲ್ಲಿ ತಿಂಗಳಿಗೆ ಆರು ವಿಸಿಟ್ ಆಗಿದ್ದರೆ ಹೆಚ್ಚುವರಿ ನಾಲ್ಕಕ್ಕೆ 6,000, ಒಟ್ಟು 18,000. 36 ತಿಂಗಳಿಗೆ ಮೊದಲನೆಯದು 5,76,000, ಎರಡನೆಯದು 6,48,000. ಅಗ್ಗ ಕಂಡದ್ದೇ 72,000 ರೂಪಾಯಿ ದುಬಾರಿ. ಇದರ ಮೇಲೆ 18% ಜಿಎಸ್‌ಟಿ ಬರುತ್ತದೆ. ಇನ್‌ಪುಟ್ ಕ್ರೆಡಿಟ್ ಪಡೆಯುವ ಕಂಪನಿಗೆ ಅದು ಹೊರೆಯಲ್ಲ, ಪಡೆಯಲಾಗದವರಿಗೆ ಪೂರ್ತಿ ಖರ್ಚೇ.

ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಎಂದಾಗ ಕಾಂಪ್ರಹೆನ್ಸಿವ್ ಹೌದೋ ಅಲ್ಲವೋ ಕೇಳಿ. ಕಾಂಪ್ರಹೆನ್ಸಿವ್ ಆದರೆ ಬಿಡಿಭಾಗವೂ ಸೇರಿ, ನಾನ್-ಕಾಂಪ್ರಹೆನ್ಸಿವ್ ಆದರೆ ಕೆಲಸ ಮಾತ್ರ. ಕಾಂಪ್ರಹೆನ್ಸಿವ್‌ನಲ್ಲೂ ಯುಪಿಎಸ್ ಬ್ಯಾಟರಿ, ಪ್ರಿಂಟರ್ ಹೆಡ್, ಟೋನರ್, ಲ್ಯಾಪ್‌ಟಾಪ್ ಸ್ಕ್ರೀನ್, ಸಿಡಿಲಿನ ಹಾನಿ ಸಾಮಾನ್ಯವಾಗಿ ಹೊರಗಿರುತ್ತವೆ. ಐದು ವರ್ಷ ದಾಟಿದ ಯಂತ್ರಗಳಿಗೆ ಕಾಂಪ್ರಹೆನ್ಸಿವ್ ಹಣ ಕೊಡುವುದಕ್ಕಿಂತ ಅದೇ ಹಣಕ್ಕೆ ವರ್ಷಕ್ಕೆ ಕೆಲವನ್ನು ಬದಲಿಸುವುದೇ ಲೇಸು.

ಹಂತ 6: ಒಪ್ಪಂದ

ಪಿಒ (ಖರೀದಿ ಆದೇಶ) ಒಂದನ್ನೇ ಕೊಟ್ಟು ಸುಮ್ಮನಾಗಬೇಡಿ. ಇ-ಸ್ಟ್ಯಾಂಪ್ ಕಾಗದದ ಮೇಲೆ ಒಪ್ಪಂದ ಮಾಡಿ, ವ್ಯಾಪ್ತಿಪತ್ರವನ್ನು ಅನುಬಂಧವಾಗಿ ಸೇರಿಸಿ. ಅವಧಿ ಒಂದು ವರ್ಷ, ಮೊದಲ 90 ದಿನ ಪರೀಕ್ಷಾ ಅವಧಿ, ಎರಡೂ ಕಡೆ 60 ದಿನದ ನೋಟಿಸ್. ಅದರೊಳಗೆ ಇರಲೇಬೇಕಾದವು:

1. ಎಲ್ಲ ಡೇಟಾ, ಪಾಸ್‌ವರ್ಡ್, ಡೊಮೇನ್, ಲೈಸೆನ್ಸ್, ಅವರು ಬರೆದುಕೊಟ್ಟ ರಿಪೋರ್ಟ್ ಮತ್ತು ಪ್ರೋಗ್ರಾಂ ಕಂಪನಿಯ ಸ್ವತ್ತು. ಬಿಲ್ ಬಾಕಿ ಇದೆ ಎಂದು ಪಾಸ್‌ವರ್ಡ್ ತಡೆಹಿಡಿಯುವಂತಿಲ್ಲ.
2. ಗಡುವು ತಪ್ಪಿದರೆ ಆ ತಿಂಗಳ ಬಿಲ್‌ನಲ್ಲಿ ಕಡಿತ. ಪ್ರತಿ ದೊಡ್ಡ ತಪ್ಪಿಗೆ 5%, ತಿಂಗಳಿಗೆ 20% ಮೀರದಂತೆ ಇಟ್ಟರೆ ವೆಂಡರ್‌ಗಳೂ ಒಪ್ಪುತ್ತಾರೆ. ಮೂರು ತಿಂಗಳು ಸತತ 20% ಮುಟ್ಟಿದರೆ ನೋಟಿಸ್ ಇಲ್ಲದೆ ಬಿಡುವ ಹಕ್ಕು.
3. ಸೈಬರ್ ದಾಳಿಯ ಲಕ್ಷಣ ಕಂಡ ಒಂದು ಗಂಟೆಯೊಳಗೆ ವೆಂಡರ್ ನಿಮಗೆ ತಿಳಿಸಬೇಕು. ಕಾರಣ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಯಂತ್ರಗಳ ಚಟುವಟಿಕೆಯ ದಾಖಲೆ) 180 ದಿನ ಕಾಯ್ದಿಡಬೇಕು. ವೆಂಡರ್ ಎರಡು ದಿನ ತಾವೇ ಸರಿಮಾಡಲು ನೋಡಿ ಆಮೇಲೆ ಹೇಳಿದರೆ ನೀವು ಆಗಲೇ ತಡವಾಗಿರುತ್ತೀರಿ.
4. ಕೆಲಸವನ್ನು ಮೂರನೆಯವರಿಗೆ ಉಪಗುತ್ತಿಗೆ ಕೊಡಬೇಕಾದರೆ ನಿಮ್ಮ ಲಿಖಿತ ಒಪ್ಪಿಗೆ.
5. ವ್ಯಾಜ್ಯ ಬಂದರೆ ನಿಮ್ಮ ಜಿಲ್ಲೆಯ ನ್ಯಾಯಾಲಯ. ವೆಂಡರ್‌ಗಳ ಸಿದ್ಧ ಒಪ್ಪಂದದಲ್ಲಿ ಬೆಂಗಳೂರು ಅಥವಾ ಮುಂಬೈ ಇರುತ್ತದೆ, ಅದನ್ನು ತಿದ್ದಿಸಿ.

ಖಾಸಗಿ ನಿಯಮಿತ ಕಂಪನಿಗಳು ಎರಡು ವಿಷಯ ಹೆಚ್ಚಾಗಿ ನೋಡಬೇಕು. 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯನ್ನು ದಾಖಲಿಸುವ ಆಡಿಟ್ ಟ್ರೇಲ್ ಇರಲೇಬೇಕು, ಅದನ್ನು ಯಾರೂ ಆಫ್ ಮಾಡುವಂತಿರಬಾರದು. ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದಲ್ಲಿರುವ ಸರ್ವರ್‌ನಲ್ಲಿ ದಿನವೂ ಆಗಬೇಕು. "ಕ್ಲೌಡ್‌ಗೆ ಹೋಗ್ತಿದೆ" ಎಂದು ವೆಂಡರ್ ಹೇಳಿದರೆ ಯಾವ ದೇಶದ ಕ್ಲೌಡ್ ಎಂದು ಬರವಣಿಗೆಯಲ್ಲಿ ಕೇಳಿ.

ಪಾವತಿಯಲ್ಲಿ ನಿಮ್ಮ ಕಡೆಯ ತಪ್ಪೂ ಆಗಬಾರದು. ವೆಂಡರ್ ಉದ್ಯಮ್ ನೋಂದಣಿ ಇರುವ ಅತಿಸಣ್ಣ ಅಥವಾ ಸಣ್ಣ ಸೇವಾ ಉದ್ಯಮವಾದರೆ ಒಪ್ಪಂದದಲ್ಲಿ ದಿನ ಬರೆದಿದ್ದರೂ ಗರಿಷ್ಠ 45 ದಿನ, ಬರೆಯದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರರಷ್ಟು ಬಡ್ಡಿ. ಟಿಡಿಎಸ್ ಯಾವ ಬಾಬಿನಲ್ಲಿ ಕಡಿಯಬೇಕು ಎಂಬುದನ್ನು ಮೊದಲ ಬಿಲ್‌ಗೂ ಮುಂಚೆ ಆಡಿಟರ್ ಹತ್ತಿರ ತೀರ್ಮಾನಿಸಿಕೊಳ್ಳಿ.

ಹಂತ 7: ಹಸ್ತಾಂತರದ 30 ದಿನ

ಹಳೆಯವರು ಹೋಗಿ ಹೊಸಬರು ಬರುವ ನಡುವೆ ಇಬ್ಬರೂ ಇರುವ ಅವಧಿ ಬೇಕು. ಮೊದಲ ವಾರ ಹೊಸಬರು ನೋಡುತ್ತಾರೆ, ಮುಟ್ಟುವುದಿಲ್ಲ. ಎರಡನೆಯ ವಾರ ಸಣ್ಣ ಟಿಕೆಟ್‌ಗಳು. ಮೂರನೆಯ ವಾರ ಸರ್ವರ್ ಮತ್ತು ಫೈರ್‌ವಾಲ್, ಅದೂ ಪೂರ್ತಿ ಬ್ಯಾಕಪ್ ಆದ ಮೇಲೆ. ನಾಲ್ಕನೆಯ ವಾರ ಹಳೆಯವರ ಪ್ರವೇಶ ಬಂದ್.

ತಿಂಗಳ 25ರಿಂದ ಮುಂದಿನ ತಿಂಗಳ 20ರವರೆಗೆ ಸರ್ವರ್ ಬದಲಾವಣೆ ಬೇಡ. ಡಿಸ್ಪ್ಯಾಚ್ ಒತ್ತಡ, ಸಂಬಳ, ಜಿಎಸ್‌ಟಿ ರಿಟರ್ನ್ ಎಲ್ಲವೂ ಆ ದಿನಗಳಲ್ಲೇ ಬೀಳುತ್ತವೆ. ಮೂರನೆಯ ವಾರ 20ರ ನಂತರ ಬರುವಂತೆ ಲೆಕ್ಕ ಹಾಕಿ ಶುರುಮಾಡಿ.

ಹಂತ 8: ತಿಂಗಳಿಗೊಮ್ಮೆ ಪರೀಕ್ಷೆ

ಬ್ಯಾಕಪ್ "ಸಕ್ಸಸ್" ಎಂದು ಬರುವ ಮೇಲ್ ನಂಬಬೇಡಿ. ಆ ಮೇಲ್ ಹೇಳುವುದು ಪ್ರತಿ ತೆಗೆದಿದೆ ಎಂದಷ್ಟೇ, ಅದು ತೆರೆಯುತ್ತದೆ ಎಂದಲ್ಲ. ಪ್ರತಿ ತಿಂಗಳು ಒಂದು ದಿನ, ನಿಮ್ಮ ಅಕೌಂಟ್ಸ್‌ನವರ ಎದುರಲ್ಲಿ, ಹಿಂದಿನ ರಾತ್ರಿಯ ಟ್ಯಾಲಿ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರ್‌ಗೆ ವಾಪಸ್ ಹಾಕಿಸಿ. ಹಿಂದಿನ ದಿನದವರೆಗಿನ ಟ್ರಯಲ್ ಬ್ಯಾಲೆನ್ಸ್ ತೆರೆದು ಮೂಲದ ಜೊತೆ ಪೈಸೆಗೆ ಪೈಸೆ ತಾಳೆ ನೋಡಿ. ಕೊನೆಯ ವೋಚರ್ ನಂಬರ್ ಕೂಡ ಹೊಂದಬೇಕು. ಶುರುವಿನಿಂದ ಮುಗಿಯುವವರೆಗೆ ಹಿಡಿದ ಸಮಯವನ್ನು ರಿಜಿಸ್ಟರ್‌ನಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ನಿಜವಾಗಿ ಸರ್ವರ್ ಸತ್ತ ದಿನ ಎಷ್ಟು ಹೊತ್ತು ಕಾಯಬೇಕು ಎಂಬುದು ಆ ಸಂಖ್ಯೆಯಿಂದಲೇ ಗೊತ್ತಾಗುವುದು.

ಪ್ರತಿಗಳು ಮೂರು ಇರಲಿ, ಎರಡು ಬಗೆಯ ಸಾಧನದಲ್ಲಿ, ಒಂದು ಕಾರ್ಖಾನೆಯ ಹೊರಗೆ. ಸದಾ ಜೋಡಿಸಿಟ್ಟ ಡಿಸ್ಕ್ ಅಥವಾ ಎನ್‌ಎಎಸ್ (ನೆಟ್‌ವರ್ಕ್‌ಗೆ ಜೋಡಿಸಿದ ಸಂಗ್ರಹ ಪೆಟ್ಟಿಗೆ) ಒಂದನ್ನೇ ನಂಬಿದರೆ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದಾಗ ಅದೂ ಒಟ್ಟಿಗೆ ಬೀಗ ಬೀಳುತ್ತದೆ. ಮೊದಲೇ ಹೇಳಿದ ಎರಡು ಎಕ್ಸ್‌ಟರ್ನಲ್ ಡಿಸ್ಕ್‌ಗಳು ಇದಕ್ಕೇ: ವಾರಕ್ಕೊಂದು ಬದಲಿಸಿ, ಒಂದು ಯಾವಾಗಲೂ ಕೇಬಲ್‌ನಿಂದ ಹೊರಗೆ, ಬೇರೆ ಕಟ್ಟಡದಲ್ಲಿ.

ಅಪಾಯದ ಲಕ್ಷಣಗಳು

ಒಂದೇ ತೊಂದರೆಗೆ ಮೂರನೆಯ ಸಲ ಟಿಕೆಟ್ ಹಾಕುತ್ತಿದ್ದೀರಿ. ಪ್ರತಿ ವಿಸಿಟ್‌ಗೂ ಹೊಸ ಹುಡುಗ ಬರುತ್ತಾನೆ, ಪ್ರತಿ ಸಲವೂ ಮೊದಲಿಂದ ವಿವರಿಸಬೇಕು. ತೊಂದರೆಗಳೆಲ್ಲ ವಾಟ್ಸಾಪ್‌ನಲ್ಲೇ ಮುಗಿಯುತ್ತವೆ, ದಾಖಲೆ ಇಲ್ಲ. ಎಲ್ಲ ಕಂಪ್ಯೂಟರ್‌ಗಳ ಎನಿಡೆಸ್ಕ್‌ಗೆ (ದೂರದಿಂದ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಒಂದೇ ಪಾಸ್‌ವರ್ಡ್ ಇಟ್ಟು, ನಿಮ್ಮವರ ಒಪ್ಪಿಗೆ ಕೇಳದೆ ಒಳಬರುತ್ತಾರೆ. ಫೈರ್‌ವಾಲ್ ಲೈಸೆನ್ಸ್ ಮುಗಿದು ತಿಂಗಳಾದರೂ ಹೇಳಿಲ್ಲ. ಇಂಟರ್ನೆಟ್ ಓಡುತ್ತಲೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಹೊಸ ದಾಳಿಗಳನ್ನು ಗುರುತಿಸುವ ಪಟ್ಟಿ ಅಲ್ಲಿಗೇ ನಿಂತಿರುತ್ತದೆ. ಇವುಗಳಲ್ಲಿ ಎರಡು ಕಂಡರೂ ಕರೆದು ಕೂರಿಸಿ ಮಾತಾಡಿ.

ಹಣ ವರ್ಗಾವಣೆಯ ವಂಚನೆ ಆಗಿದೆ ಎಂದು ತಿಳಿದ ಕ್ಷಣವೇ, ವೆಂಡರ್‌ಗೆ ಫೋನ್ ಮಾಡುವುದಕ್ಕೂ ಮೊದಲು, ಬ್ಯಾಂಕ್‌ಗೆ ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯಲು ಇರುವುದು ಅಷ್ಟೇ ಹೊತ್ತು.

ಹಂತ 9: ಬಿಡಿಸಿಕೊಳ್ಳುವಾಗ

ಕೊನೆಯ ಬಿಲ್ ಕೊಡುವ ಮುನ್ನ ಪಟ್ಟಿ ಹಿಡಿದು ಒಂದೊಂದನ್ನೇ ಪಡೆಯಿರಿ: ನೆಟ್‌ವರ್ಕ್ ನಕ್ಷೆ, ಫೈರ್‌ವಾಲ್‌ನ ಕಾನ್ಫಿಗರೇಷನ್ ಫೈಲ್, ಬಾಕಿ ಟಿಕೆಟ್‌ಗಳು, ಅವರ ಕ್ಲೌಡ್‌ನಲ್ಲಿರುವ ನಿಮ್ಮ ಡೇಟಾ, ಅದನ್ನು ಅಳಿಸಿದ್ದೇವೆ ಎಂಬ ಪತ್ರ.

ಅದೇ ಸಂಜೆ ಎಲ್ಲ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಲಕೋಟೆಗಳನ್ನು ಹೊಸದಾಗಿ ಮಾಡಿ. ಫೈರ್‌ವಾಲ್‌ನಲ್ಲಿರುವ ವಿಪಿಎನ್ (ಹೊರಗಿನಿಂದ ಕಂಪನಿ ನೆಟ್‌ವರ್ಕ್‌ಗೆ ಬರುವ ದಾರಿ) ಖಾತೆಗಳನ್ನು ಒಂದೊಂದಾಗಿ ನೋಡಿ ಅಳಿಸಿ. 40 ಕಂಪ್ಯೂಟರ್‌ಗಳಿಂದಲೂ ರಿಮೋಟ್ ಸಾಫ್ಟ್‌ವೇರ್ ತೆಗೆಸಿ. ವೈಫೈ ಪಾಸ್‌ವರ್ಡ್ ಮತ್ತು ಸಿಸಿಟಿವಿ ಆ್ಯಪ್‌ನ ಲಾಗಿನ್ ಮರೆತುಹೋಗುವುದೇ ಹೆಚ್ಚು. ಆಮೇಲೆ ಇಮೇಲ್ ಅಡ್ಮಿನ್ ಪುಟ ತೆರೆದು ಅಕೌಂಟ್ಸ್, ಪರ್ಚೇಸ್ ಮತ್ತು ನಿರ್ದೇಶಕರ ಮೇಲ್‌ಗಳಲ್ಲಿ ಹೊರಗಿನ ವಿಳಾಸಕ್ಕೆ ಫಾರ್ವರ್ಡ್ ಆಗುವ ನಿಯಮ ಇದೆಯೇ ಎಂದು ಹುಡುಕಿ. ಪಾಸ್‌ವರ್ಡ್ ಬದಲಿಸಿದರೂ ಆ ನಿಯಮ ಹಾಗೇ ಓಡುತ್ತಿರುತ್ತದೆ, ಅದನ್ನು ಬೇರೆಯಾಗಿಯೇ ತೆಗೆಯಬೇಕು.